ಸಾತವ್ವ ಹಾಡಿದ್ದು

ಪುಣೆ
೧೨ ಅಕ್ಟೋಬರ್ ೧೯೭೪

ಅಕ್ಕನಿಗೆ ಗುರಲಿಂಗಪ್ಪನ ನಮಸ್ಕಾರ.

ಸಿನಿಮಾ ಕಲಿಯಲೂ ಒಂದು ಶಾಲೆ ಬೇಕೇ ಎಂದು ಮುದ್ದೇಬಿಹಾಳದ ಮನೆಯಲ್ಲಿ ಎಲ್ಲರೂ ನಕ್ಕಾಗ ನೀನೊಬ್ಬಳು ನಗಲಿಲ್ಲ. ಅದಕ್ಕೇ ಈ ಪತ್ರ ನಿನಗೆ.

ಕೊನೆಯ ವರ್ಷದವರು ಇಲ್ಲಿ ತಲೆಗೊಂದು ಸಣ್ಣ ಚಿತ್ರ ಮಾಡಬೇಕು. ಪಾಸು ನಪಾಸು ಅದರ ಮೇಲೆ. ನನ್ನದನ್ನು ನೀನು ಕಲಿಸುವ ಊರಿನಲ್ಲಿ, ಇಂಗಳೇಶ್ವರದಲ್ಲಿ, ತೆಗೆಯಬೇಕೆಂದಿದ್ದೇನೆ.

ಯಾಕೆಂದು ಹೇಳುತ್ತೇನೆ. ಫ್ರಾನ್ಸಿನಲ್ಲಿ ಹದಿನೈದು ವರ್ಷಗಳ ಹಿಂದೆ ಕೆಲವು ಹುಡುಗರು ಒಂದು ಪತ್ರಿಕೆಯಲ್ಲಿ ಹಿರಿಯರ ಸಿನಿಮಾಗಳನ್ನು ಬೈದು ಬರೆಯುತ್ತಿದ್ದರು. ಬೈದದ್ದು ಸಾಕೆನಿಸಿ ತಾವೇ ಕ್ಯಾಮೆರಾ ಹಿಡಿದರು. ಸ್ಟುಡಿಯೋ ಬಿಟ್ಟು ಬೀದಿಗಿಳಿದರು. ಕ್ಯಾಮೆರಾ ಹೆಗಲ ಮೇಲೆ. ಬೆಳಕು ಕಿಟಕಿಯಿಂದ ಬಂದಷ್ಟೇ. ಬಣ್ಣ ಬಳಿದ ಗೋಡೆ ಇಲ್ಲ, ಬಣ್ಣ ಬಳಿದ ಮುಖ ಇಲ್ಲ. ಎರಡು ತುಂಡು ಫಿಲ್ಮ್ ಅಂಟಿಸಿದ ಕಡೆ ಅದು ಕಾಣದಂತೆ ಮುಚ್ಚುವುದೂ ಇಲ್ಲ. ಮಾತಿನ ನಡುವೆ ಮನುಷ್ಯ ಇಲ್ಲಿದ್ದವನು ಫಕ್ಕನೆ ಅಲ್ಲಿರುತ್ತಾನೆ. ಇದಕ್ಕೆ ಹೊಸ ಅಲೆ ಎನ್ನುತ್ತಾರೆ. ಆ ಚಿತ್ರಗಳನ್ನು ಇಲ್ಲಿ ನೋಡಿದ ಮೇಲೆ ರಟ್ಟಿನ ಅರಮನೆ ನನಗೆ ಸೇರುತ್ತಿಲ್ಲ.

ನನ್ನದು ಒಂದು ಸಾವಿನ ಮನೆಯ ಕಥೆ. ಮುದುಕನೊಬ್ಬ ಸತ್ತಿದ್ದಾನೆ, ಹೆಂಗಸರು ಹಾಡಿಕೊಂಡು ಅಳುತ್ತಾರೆ, ಮಕ್ಕಳು ಹೊರಗೆ ಜಗಳಾಡುತ್ತಾರೆ. ನಟರು ಬೇಡ. ನಿಮ್ಮೂರಿನಲ್ಲಿ ಸಾತವ್ವ ಎಂಬವಳು ಹಾಡಿ ಅತ್ತರೆ ಕಲ್ಲೂ ಕರಗುತ್ತದೆ ಎಂದು ನೀನೇ ಹೇಳಿದ್ದೆ. ಅವಳನ್ನು ಕೇಳುತ್ತೀಯಾ?

ನಿನ್ನ ತಮ್ಮ
ಗುರಲಿಂಗಪ್ಪ

ಇಂಗಳೇಶ್ವರ
೨೭ ಅಕ್ಟೋಬರ್ ೧೯೭೪

ಚಿರಂಜೀವಿ ಗುರಲಿಂಗನಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಮ್ಮವರನ್ನು ಯಾರಾದರೂ ಬಣ್ಣ ಬಳಿಯದೆ ನೋಡಿದರೆ ಹೇಗಿರುತ್ತದೆ ಎಂಬ ಆಸೆ ನನಗೂ ಇದೆ.

ಹೆಣ ಸಿಕ್ಕಿದೆ. ಧೂಳಪ್ಪ ಮಾವ ಒಪ್ಪಿದ. ಅವನ ಹೆಂಡತಿ ಹುಚ್ಚವ್ವ, "ಮೂರ ಸಂಜೀಲೆ ಇದೇನ್ ಅಪಶಕುನ" ಎಂದು ಪೊರಕೆ ಎತ್ತಿದಳು. ಅವನೋ, "ಸುಮ್ನಿರ. ಸತ್ತ ಮ್ಯಾಲ ಯಾರ್ಯಾರು ಅಳ್ತಾರ ಅಂತ ಈಗ ನೋಡಿಬಿಡ್ತೇನಿ. ಆಮ್ಯಾಲ ನೋಡಾಕ ಆಗೂದಿಲ್ಲ" ಎಂದ. "ಅಳೂದಿರ್ಲಿ, ನಗಲಿಲ್ಲಂದ್ರ ಸಾಕು" ಎಂದು ಅವಳು ಒಳಗೆ ಹೋದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ ಎಂದು ನಿನ್ನ ಪುಣೆಯ ಗೆಳೆಯರಿಗೆ ಮೊದಲೇ ಹೇಳಿಡು.

ಸಾತವ್ವನದು ಕಷ್ಟ. ಸಾವಾಗದ ಮನೆಯಲ್ಲಿ ಹಾಡಿದರೆ ಸಾವನ್ನು ಕರೆದಂತೆ ಎಂಬ ನಂಬಿಕೆ ಇಲ್ಲಿಯದು. ಜೊತೆಗೆ ಅವಳ ಸಂಗತಿ ನಿನಗೆ ಗೊತ್ತಿಲ್ಲ. ಗಂಡ ಸೋಮನಿಂಗ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬಂದಿಲ್ಲ. ನಾನು ಈ ಶಾಲೆಗೆ ಬರುವ ಮುಂಚಿನ ಮಾತು. ಇಂಡಿ ಸ್ಟೇಷನ್ನಿನಲ್ಲಿ ಅವನಂಥವನನ್ನು ಕಂಡೆ ಎಂದು ಯಾರೋ ಹೇಳಿದ್ದಕ್ಕೆ ಒಮ್ಮೆ ಹೋಗಿ ಇಡೀ ದಿನ ಅಲ್ಲಿ ಕೂತು ಬಂದಳಂತೆ. ಸುದ್ದಿ ಇಲ್ಲದ್ದರಿಂದ ಕುಂಕುಮ, ಬಳೆ, ತಾಳಿ ಎಲ್ಲ ಹಾಗೇ ಇವೆ. ರಾತ್ರಿ ಅವನ ಪಾಲಿನದೆಂದು ಒಂದು ರೊಟ್ಟಿ ಎತ್ತಿಡುತ್ತಾಳೆ. ಬೆಳಿಗ್ಗೆ ಅದು ಅವಳ ಕೆಂದ ನಾಯಿಗೆ.

ಆದರೂ ಕೇಳಿದೆ. "ಧೂಳಪ್ಪ ಮಾವಗ ಉಡಿ ತುಂಬ ಆಯುಷ್ಯ ಬೇಡಿಕೊಂಡು ಹಾಡ್ತೇನ್ರಿ ಅಕ್ಕೋರ. ನಿಮ್ಮ ತಮ್ಮನ ಪರೀಕ್ಷಾ ಅಂತೀರಲ್ಲ" ಎಂದಳು.

ಅಕ್ಕ ಶಂಕ್ರೆವ್ವ

ಪುಣೆ
೯ ನವೆಂಬರ್ ೧೯೭೪

ಅಕ್ಕಾ,

ಡಿಸೆಂಬರ್ ಕೊನೆಗೆ ನಾವು ಐವರು ಬರುತ್ತೇವೆ. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಬಿಜಾಪುರ, ಅಲ್ಲಿಂದ ಬಾಗೇವಾಡಿ ಬಸ್ಸು. ಪೆಟ್ಟಿಗೆಗಳು ಬಹಳ ಇವೆ, ಚಕ್ಕಡಿ ಬೇಕು.

ಒಂದೇ ಬೇಡಿಕೆ. ಹೋದ ಸಲ ಕಂಡ ಧೂಳಪ್ಪ ಮಾವನ ಮನೆಯ ಹೊಗೆ ಹಿಡಿದ ಗೋಡೆ ನನ್ನ ಕಣ್ಣಲ್ಲೇ ಇದೆ. ಅದನ್ನು ಯಾರೂ ಮುಟ್ಟಬಾರದು. ಎಲ್ಲರೂ ಇದ್ದ ಹಾಗೆಯೇ ಇರಲಿ.

ಗುರಲಿಂಗಪ್ಪ

ಇಂಗಳೇಶ್ವರ
೨ ಜನವರಿ ೧೯೭೫

ಚಿ. ಗುರಲಿಂಗನಿಗೆ,

ಸುರಕ್ಷಿತವಾಗಿ ಮುಟ್ಟಿದ್ದೀರೆಂದು ನಂಬಿದ್ದೇನೆ. ನೀವು ಹೋದ ಮೇಲೆ ಅಂಗಳ ದೊಡ್ಡದಾದಂತಿದೆ.

ಸುಣ್ಣದ ವಿಷಯದಲ್ಲಿ ನಿನಗಿನ್ನೂ ಸಿಟ್ಟಿದೆ. ನಿನ್ನ ಕಾರ್ಡು ನನ್ನ ಕೈ ಸೇರುವಾಗ ದೀಪಾವಳಿ ಮುಗಿದಿತ್ತು. ಹಬ್ಬಕ್ಕೆ ಸುಣ್ಣ ಹಚ್ಚಬೇಡ ಎಂದು ಹುಚ್ಚವ್ವನಿಗೆ ಹೇಳಲು ಮೊದಲೇ ಗೊತ್ತಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ಇದ್ದ ಹಾಗೆ ಬನ್ನಿ ಎಂದದ್ದಕ್ಕೆ ಎಲ್ಲರೂ ಮದುವೆಯ ಸೀರೆ ಉಟ್ಟು ಬಂದದ್ದೂ ಹಾಗೆಯೇ. ನಾಲ್ಕು ಜನ ನೋಡುವಾಗ ಒಳ್ಳೆಯದನ್ನು ಉಡುವುದೇ ಅವರು ಇರುವ ರೀತಿ. ಫ್ರಾನ್ಸಿನ ಬೀದಿಯವರು ಹೇಗೋ ತಿಳಿಯದು.

ಧೂಳಪ್ಪ ಮಾವ ಕಟ್ಟೆಯ ಮೇಲೆ ಕೂತು ದಿನಾ ತನ್ನ ಸಾವಿನ ಕಥೆ ಹೇಳುತ್ತಾನೆ. ವಿಭೂತಿ ಹಚ್ಚಿದಾಗ ಕೆಮ್ಮು ಬಂದದ್ದು, ನೀನು "ಮಾವ, ಸತ್ತಾವ ಕೆಮ್ಮಬಾರದು" ಎಂದದ್ದು, ಅವನು "ಕೆಮ್ಮಿಲೇ ಸತ್ತೇನಿ ಅಂತ ಬರಕೋ" ಎಂದದ್ದು. ಸಿಂದಗಿಯ ನಬಿಲಾಲ ಬಾಗೇವಾಡಿಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದಾನೆ. ನಿನ್ನ ಚಿತ್ರದಲ್ಲಿ ಹೊಡೆದಾಟ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. "ಅಳೂದರ ಐತೇನ್ರಿ?" ಎಂದ. ಅದು ಇದೆ ಎಂದೆ.

ಸಾತವ್ವನ ಹಾಡು ಮುಗಿದ ಕೂಡಲೇ ಅಂಗಳದ ಹೆಂಗಸರೆಲ್ಲ ಯಾಕೆ ಎದ್ದು ಹೋದರು ಎಂದು ನೀನು ಅಂದು ಕೇಳಿದ್ದೆ. ಹಾಲು ಕರೆಯುವ ಹೊತ್ತಾಗಿತ್ತು.

ಅವಳು ಚೆನ್ನಾಗಿದ್ದಾಳೆ. ಈಚೆಗೆ ನಮ್ಮ ಕಡೆ ಬಂದಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಕೆಲಸ ಇರಬೇಕು.

ಅಕ್ಕ

ಪುಣೆ
೨೦ ಜನವರಿ ೧೯೭೫

ಅಕ್ಕಾ,

ಸಾತವ್ವನ ದೃಶ್ಯದ ಫಿಲ್ಮ್ ಲ್ಯಾಬಿನಿಂದ ತೊಳೆದು ಬಂತು. ಎಲ್ಲಿಯೂ ತುಂಡಾಗದೆ ಒಂದೇ ಉಸಿರಿನಲ್ಲಿ ಓಡುತ್ತದೆ. ಸುಣ್ಣದ ಗೋಡೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿದೆ. ಹೊಗೆಯ ಗೋಡೆ ಇದ್ದಿದ್ದರೆ ಕತ್ತಲೆ ಮಾತ್ರ ಸಿಗುತ್ತಿತ್ತು. ಹುಚ್ಚವ್ವನಿಗೆ ನನ್ನ ಸಿಟ್ಟು ವಾಪಸು ತಗೊಂಡೆನೆಂದು ಹೇಳು.

ಮೇಷ್ಟ್ರು ನೋಡಿದರು. ಇನ್ನೊಮ್ಮೆ ಹಾಕು ಎಂದರು. ಕನ್ನಡ ಬಾರದ ಹುಡುಗರೂ ಬಂದು ನೋಡಿ ಹೋದರು. ಮೊದಲು ಅವಳು ಧೂಳಪ್ಪ ಮಾವನ ದೊಡ್ಡಸ್ತಿಕೆ ಹಾಡುತ್ತಾಳಲ್ಲ, ಆಮೇಲೆ ದನಿ ಇಳಿಯುತ್ತದೆ:

ಎಡಗೈಲಿ ಬಾರಕೋಲ ಹಿಡದಾವ ನನ ದೊರಿಯೇ
ಸೀಮಿ ದಾಟುವಾಗ ಹೊಳ್ಳಿ ನೋಡಲಿಲ್ಲೋ
ಎತ್ತಿಟ್ಟ ರೊಟ್ಟಿ ಒಣಗಿ ಚಕ್ಕಳಾತೋ
ಯಾ ಊರ ಮಣ್ಣ ನಿನ ಮುಚ್ಚಿತೋ

ಧೂಳಪ್ಪ ಮಾವ ಎಡಚನಲ್ಲ, ಸೀಮೆ ದಾಟಿ ಹೋದವನೂ ಅಲ್ಲ. ಕೂತ ಕೂತಲ್ಲೇ ಒಬ್ಬ ಮನುಷ್ಯನನ್ನು ಕಟ್ಟಿಬಿಟ್ಟಳಲ್ಲ! ಎಂಥ ಕಲ್ಪನೆ. ಫ್ರಾನ್ಸಿನವರು ಬೀದಿಯಲ್ಲಿ ಹುಡುಕಿದ್ದು ಇದನ್ನೇ. ಅವಳಿಗೆ ಎಲ್ಲರ ಪರವಾಗಿ ನಮಸ್ಕಾರ ತಿಳಿಸು. ಇಡೀ ಚಿತ್ರವನ್ನು ಇದರ ಸುತ್ತಲೇ ಕಟ್ಟುತ್ತಿದ್ದೇನೆ.

ಗುರಲಿಂಗಪ್ಪ

ಇಂಗಳೇಶ್ವರ
೩ ಫೆಬ್ರವರಿ ೧೯೭೫

ಗುರಲಿಂಗ,

ಅದು ಕಲ್ಪನೆಯಲ್ಲ. ಹಾಲು ಕರೆಯುವ ಹೊತ್ತೂ ಆಗಿರಲಿಲ್ಲ.

ಸೋಮನಿಂಗ ಎಡಚ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಡಗೈ ಅಂದ ಕೂಡಲೇ ಅಂಗಳದಲ್ಲಿದ್ದ ಎಲ್ಲರಿಗೂ ತಿಳಿಯಿತು. ರೊಟ್ಟಿಯ ಸಂಗತಿ ನಾನು ನಿನಗೆ ಬರೆದಿದ್ದೆ. ಚಿತ್ರದ ಗದ್ದಲದಲ್ಲಿ ಮರೆತಿರಬೇಕು. ಆ ಕ್ಷಣಕ್ಕೆ ನಿನ್ನ ಕೈ ಹಿಡಿದು ನಿಲ್ಲಿಸಬಹುದಾಗಿತ್ತು. ನಿನ್ನ ಮುಖ ನೋಡಿ ಸುಮ್ಮನಿದ್ದೆ.

ಸೋಮನಿಂಗನ ತಮ್ಮ ಮಾನಪ್ಪ ಹಿರಿಯರನ್ನು ಕಟ್ಟೆಗೆ ಕರೆದ. ಕೆಟ್ಟ ಮನುಷ್ಯನಲ್ಲ, ಇಷ್ಟು ವರ್ಷ ಅತ್ತಿಗೆಯ ಹೊಲ ಬಿತ್ತಿ ಕೊಟ್ಟವನು. ಅವನು ಹೇಳಿದ್ದು ಇಷ್ಟು: "ನನ್ನ ಅಣ್ಣ ಇದ್ದಾನಂದ್ರ ವೈನಿ ಹಾಡಬಾರದಾಗಿತ್ತು. ಹಾಡ್ಯಾಳಂದ್ರ ಸತ್ತಾನ. ಸತ್ತಾನಂದ್ರ ಬಳಿ ಯಾಕ ಕೈಯಾಗ ಅದಾವು?"

ಹಿರಿಯರು ಬಹಳ ಹೊತ್ತು ಮಾತಾಡಿದರು. ಅಂಗಳದಲ್ಲಿ ಹಾಡಿದ್ದು ಗಾಳಿಗೆ ಹೋಯಿತು, ಅದನ್ನು ಮರೆಯಬಹುದು. ಯಂತ್ರದಲ್ಲಿ ಉಳಿದದ್ದು ಹಾಗಲ್ಲ, ಊರೂರಿಗೆ ಹೋದಲ್ಲೆಲ್ಲ ಅವಳು ಹೊಸದಾಗಿ ಹಾಡಿದಂತೆ. "ಆಟ ತೋರಿಸಿದಾಗೊಮ್ಮಿ ಸೋಮನಿಂಗ ಸಾಯ್ತಾನ" ಎಂದ ಒಬ್ಬ. ಕಡೆಗೆ, ಯುಗಾದಿಯೊಳಗೆ ಆ ತುಂಡನ್ನು ತೆಗೆಸಿದರೆ ಹಾಡಿಯೇ ಇಲ್ಲವೆಂದು ತಿಳಿಯುವುದು, ಇಲ್ಲದಿದ್ದರೆ ಬಳೆ ಒಡೆಯುವುದು ಎಂದಾಯಿತು.

ತೆಗೆದುಬಿಡು.

ಅಕ್ಕ

ಪುಣೆ
೧೧ ಫೆಬ್ರವರಿ ೧೯೭೫

ಅಕ್ಕಾ,

ಆಗುವುದಿಲ್ಲ. ಚಿತ್ರ ಜೋಡಿಸಿ ಆಗಿದೆ. ಈಗ ಅದನ್ನು ತೆಗೆಯಲು ಬರುವುದಿಲ್ಲ.

ಬಂದರೂ ಯಾಕೆ ತೆಗೆಯಬೇಕು? ಬಣ್ಣ ಬಳಿಯದ ಒಂದು ನಿಜ ಕ್ಯಾಮೆರಾದ ಎದುರು ತಾನಾಗಿ ಬಂದು ಕೂತಿತು. ಅದನ್ನು ಕತ್ತರಿಸಿ ಒಗೆದರೆ, ಫ್ರಾನ್ಸಿನವರು ಯಾರನ್ನು ಬೈದರೋ ಅವರ ಸಾಲಿಗೆ ನಾನೂ ಸೇರಿದೆ. ಕಟ್ಟೆಯ ಹಿರಿಯರು ನಾಳೆ ಕನ್ನಡಿಯಲ್ಲಿ ಮುಖ ನೋಡಬಾರದು ಎಂದಾರು. ಹತ್ತು ಜನ ನೋಡಲಿ, ಅವಳ ಸಂಕಟ ತಿಳಿಯಲಿ. ನೀನು ಓದಿದವಳು, ನೀನೂ ಅವರ ಮಾತು ಹೇಳುತ್ತೀಯಲ್ಲ.

ಸಾತವ್ವನಿಗೆ ತಿಳಿಸಿ ಹೇಳು. ಅವಳಿಗೆ ಅರ್ಥವಾಗುತ್ತದೆ.

ಗುರಲಿಂಗಪ್ಪ

ಇಂಗಳೇಶ್ವರ
೨೨ ಫೆಬ್ರವರಿ ೧೯೭೫

ಗುರಲಿಂಗ,

ತಿಳಿಸಿ ಹೇಳಲು ಹೋದೆ. ಹಾದಿಯಲ್ಲಿ ಒಂದು ಹೊಳೆಯಿತು: ಹಿರಿಯರು ಹೇಳಿದರು, ಮಾನಪ್ಪ ಹೇಳಿದ, ನಾನು ಹೇಳಿದೆ, ನೀನು ಹೇಳಿದೆ. ಇಷ್ಟರಲ್ಲಿ ಅವಳನ್ನು ಯಾರೂ ಕೇಳಿಲ್ಲ. ಅದಕ್ಕೆ ನೀನು ಒಪ್ಪಿಲ್ಲವೆಂಬುದನ್ನಷ್ಟೇ ಹೇಳಿ, ಬೇರೇನನ್ನೂ ತಿಳಿಸದೆ ಕೇಳಿದೆ. ನಡೆದ ಮಾತು ನಡೆದ ಹಾಗೇ ಬರೆಯುತ್ತೇನೆ. ಅವಳು ಹೊಲದಲ್ಲಿ ಜೋಳದ ದಂಟು ಕಿತ್ತು ಒಟ್ಟುತ್ತಿದ್ದಳು.

"ಯಾಕ ಹಂಗ ಹಾಡಿದಿ ಸಾತವ್ವ?"

"ಧೂಳಪ್ಪ ಮಾವಂದ ಹಾಡಬೇಕಂತನ ಕುಂತಿದ್ದೇನ್ರಿ. ಅಂವ ಕಣ್ಣ ಮುಚ್ಚಿಕೊಂಡಿದ್ದ, ಹೊಟ್ಟಿ ಮಾತ್ರ ಏರತಿತ್ತು ಇಳೀತಿತ್ತು. ಉಸಿರಾಡಾಕತ್ತಾವಗ ಹೆಂಗ ಹಾಡ್ಲಿ? ಸುಳ್ಳ ಅಳಾಕ ನನಗ ಬರೂದಿಲ್ರಿ. ಹುಡುಕಿದೆ. ಅಂವ ಸಿಕ್ಕ."

"ಸತ್ತಾನಂತೀಯೇನು?"

"ಸತ್ತಾನೋ ಇದ್ದಾನೋ ನನಗೇನ್ ಗೊತ್ರಿ. ಹೋಗ್ಯಾನ. ಅಷ್ಟ ಗೊತ್ತು."

"ಈಗ ಆ ತುಂಡು ತಗೀಬೇಕೋ, ಇಡಬೇಕೋ?"

ಅವಳು ಕೈಯಲ್ಲಿದ್ದ ದಂಟನ್ನು ಒಟ್ಟಿದ ರಾಶಿಗೆ ಹಾಕಿದಳು. "ಊರಾಗಿನವರು ತಗೀರಿ ಅಂತಾರ, ನಿಮ್ಮ ತಮ್ಮ ಇಡ್ರಿ ಅಂತಾನ. ನನ್ನ ಬಾಯಿಂದ ಬಂದದ್ರಿ ಅದು. ಮೊದಲ ನನಗ ಕೊಡ್ರಿ. ಆಮ್ಯಾಲ ನೋಡ್ತೇನಿ."

ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

ಅಕ್ಕ

ಪುಣೆ
೮ ಮಾರ್ಚ್ ೧೯೭೫

ಅಕ್ಕಾ,

ರಿಜಿಸ್ಟರ್ ಅಂಚೆಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ತೆಗೆಯಲು ಬರುವುದಿಲ್ಲ ಎಂದು ಬರೆದಿದ್ದೆ. ಬರುತ್ತದೆ. ಒಂದು ಕತ್ತರಿ ಸಾಕು.

ಡಬ್ಬಿಯಲ್ಲಿ ಎರಡು ಸುರುಳಿ ಇವೆ. ಬೆಳಕು ಹಾಯುವ ಸುರುಳಿ ಅವಳ ಚಿತ್ರ. ಕಂದು ಬಣ್ಣದ್ದು ಅವಳ ದನಿ. ನಾವು ಇವೆರಡನ್ನೂ ಬೇರೆ ಬೇರೆ ಇಟ್ಟು, ಕೊನೆಗೆ ಕೂಡಿಸುತ್ತೇವೆ. "ಎಡಗೈಲಿ" ಎಂಬಲ್ಲಿಂದ ಕಡೆಯ ತನಕ ಕತ್ತರಿಸಿದ್ದೇನೆ.

ಚಿತ್ರದ ಮೂಲ ಪ್ರತಿ ಲ್ಯಾಬಿನಲ್ಲಿದೆ. ದನಿಯದಿಲ್ಲ. ಇಲ್ಲಿ ಟೇಪಿಗೆ ಬರ, ಒಬ್ಬರು ಬಳಸಿದ್ದನ್ನು ಅಳಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಮೂಲ ಟೇಪಿನಲ್ಲಿ ಈಗ ಯಾರದೋ ಚಿತ್ರದ ರೈಲಿನ ಸದ್ದು ಇದೆ. ಅವಳ ದನಿ ಇರುವುದು ಆ ಕಂದು ಸುರುಳಿಯಲ್ಲಿ ಮಾತ್ರ. ಕಳಿಸುವ ಮುನ್ನ ಒಂದು ನಕಲು ಮಾಡಿಕೊಳ್ಳಲು ಯಂತ್ರದ ಮುಂದೆ ಕೂತೆ. ಮಾಡಲಿಲ್ಲ.

ಚಿತ್ರದಲ್ಲಿ ಈಗ ಅವಳು ಧೂಳಪ್ಪ ಮಾವನಿಗೆ ಹಾಡುತ್ತಿರುತ್ತಾಳೆ, ಫಕ್ಕನೆ ಅಂಗಳ ಖಾಲಿ. ಮೇಷ್ಟ್ರು ನೋಡಿ, ಹೊಸ ಅಲೆಯವರನ್ನು ಚೆನ್ನಾಗಿ ಅರಗಿಸಿಕೊಂಡಿದ್ದೀಯ ಎಂದರು. ಫ್ರಾನ್ಸಿನವರು ಕತ್ತರಿಸಿದ್ದು ಕತ್ತರಿಸುವ ಹುಮ್ಮಸ್ಸಿನಿಂದ. ನಾನು ಹಾಗಲ್ಲ.

ಗುರಲಿಂಗಪ್ಪ

ಇಂಗಳೇಶ್ವರ
೨೪ ಮಾರ್ಚ್ ೧೯೭೫

ಪ್ರಿಯ ಗುರಲಿಂಗ,

ಡಬ್ಬಿ ಬಂತು. ನಿನ್ನೆ ಭಾನುವಾರ ಬೆಳಿಗ್ಗೆ ಸಾತವ್ವನ ಹೊಲಕ್ಕೆ ಒಯ್ದು ಕೊಟ್ಟೆ.

ಚಿತ್ರದ ಸುರುಳಿ ಬಿಚ್ಚಿ ಬಿಸಿಲಿಗೆ ಹಿಡಿದಳು. ಉಗುರಿನಗಲದ ಚೌಕಗಳಲ್ಲಿ ಒಂದರ ಕೆಳಗೊಂದು ಸಾತವ್ವ. "ಬಾಯಿ ನೋಡ್ರಿ ಅಕ್ಕೋರ, ಕಪ್ಪಿ ತೆರದಂಗ ತೆರದೇನಿ" ಎಂದು ನಕ್ಕಳು. ಆಮೇಲೆ ಕಂದು ಸುರುಳಿಯನ್ನು ಬಿಸಿಲಿಗೆ ಹಿಡಿದಳು. ಏನೂ ಕಾಣಲಿಲ್ಲ. ಅದರಲ್ಲಿ ಇರುವುದು ದನಿ ಎಂದೆ. ಕಿವಿಗೆ ಇಟ್ಟುಕೊಂಡಳು. ಕೇಳುವುದಿಲ್ಲ ಎಂದು ನಾನು ಹೇಳಲಿಲ್ಲ.

"ಇದರ ಜೋಡಿ ಇನ್ನೊಂದು ಎಲ್ಲೆರ ಐತೇನ್ರಿ?"

ಇಲ್ಲವೆಂದು ತಮ್ಮ ಬರೆದಿದ್ದಾನೆ ಎಂದೆ.

ಬದುವಿನ ಬನ್ನಿ ಗಿಡದ ಬುಡದಲ್ಲಿ ಕಳೆ ತೆಗೆಯುವ ಕುರ್ಚಿಗೆಯಿಂದ ಮಣ್ಣು ಕೆದರಿದಳು. ಮೊಣಕೈ ಆಳ ತೋಡಿ, ಕಂದು ಸುರುಳಿಯನ್ನು ತನ್ನ ಹಳೆಯ ಕುಪ್ಪಸದ ಚೂರಿನಲ್ಲಿ ಸುತ್ತಿ ಒಳಗಿಟ್ಟಳು. ಅಷ್ಟರಲ್ಲಿ ಮಗ್ಗುಲ ಹೊಲದಿಂದ ಮಾನಪ್ಪ ಬಂದ.

"ಏನ್ ಹೂಳಾಕತ್ತಿ ವೈನಿ?"

"ನಿನ್ನ ಅಣ್ಣನ್ನ."

ಅವನು ಬಗ್ಗಿ ಕುಳಿಯೊಳಗೆ ನೋಡಿದ. "ಹಂಗಾರ ಬಳಿ?" ಎಂದ. ದನಿಯಲ್ಲಿ ಕಟ್ಟೆಯ ಜೋರು ಇರಲಿಲ್ಲ.

"ಅಂವ ಇಡಿಸಿದ ಬಳಿ ಅಂವ ಹೋದ ವರ್ಷನ ಒಡದಾವು, ಹೊಲದಾಗ ಕುಂಟಿ ಹೊಡಿಯುವಾಗ. ಇವು ನಾ ದುಡದು ಬಾಗೇವಾಡಿ ಸಂತ್ಯಾಗ ಇಟ್ಟಕೊಂಡಾವು. ಇವಕ್ಕೂ ಅಂವಗೂ ಏನ್ ಸಂಬಂಧ?"

ಮಾನಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಕುಳಿಗೆ ಹಾಕಿದ. ಆಮೇಲೆ ಇನ್ನೊಂದು ಹಿಡಿ. ಅವನೂ ತನ್ನ ಅಣ್ಣನಿಗೆ ಮಣ್ಣು ಕೊಡದೆ ಇಷ್ಟು ವರ್ಷ ಕಾದಿದ್ದ ಎಂಬುದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಚಿತ್ರದ ಸುರುಳಿಯನ್ನು ಅವಳು ವಾಪಸು ಕೊಟ್ಟಿದ್ದಾಳೆ. "ಇದರಾಗ ನಾ ಅದೇನಿ, ಅಂವ ಇಲ್ಲ. ನಿಮ್ಮ ತಮ್ಮಗ ಕೊಡ್ರಿ. ಹಚ್ಚಿಕೋಬೇಕಂದ್ರ ಹಚ್ಚಿಕೊಳ್ಳಲಿ" ಎಂದಳು. ಕಟ್ಟೆಯ ಹಿರಿಯರನ್ನೂ ಕೇಳಿದೆ. ದನಿ ಇಲ್ಲದ ಮೇಲೆ ಬಾಯಿ ತೆರೆದದ್ದು ಆಕಳಿಕೆಯೂ ಇರಬಹುದು ಎಂದ ಧೂಳಪ್ಪ ಮಾವ. ಮಾನಪ್ಪನೇ ತಕರಾರು ಬಿಟ್ಟ ಮೇಲೆ ಉಳಿದವರೂ ಬಳೆಯ ಮಾತು ಬಿಟ್ಟರು.

ಸುರುಳಿ ನಾಳೆಯ ಅಂಚೆಗೆ.

ಅಕ್ಕ

ಪುಣೆ
೨೦ ಏಪ್ರಿಲ್ ೧೯೭೫

ಅಕ್ಕಾ,

ನಿನ್ನೆ ಚಿತ್ರ ತೋರಿಸಿದೆವು.

ಸಾತವ್ವ ಧೂಳಪ್ಪ ಮಾವನಿಗೆ ಹಾಡುತ್ತಾಳೆ. ಹೊರಗೆ ಮಕ್ಕಳ ಜಗಳ ಕೇಳುತ್ತದೆ. ಆಮೇಲೆ ಎಲ್ಲ ಸದ್ದು ನಿಲ್ಲುತ್ತದೆ. ಹಿನ್ನೆಲೆಗೆ ಗಾಳಿಯ ಸದ್ದನ್ನೂ ನಾನು ಹಾಕಲಿಲ್ಲ. ಸುಣ್ಣದ ಗೋಡೆ, ಅವಳ ಮುಖ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಮೊದಲು ಎಲ್ಲರೂ ಯಂತ್ರ ಕೆಟ್ಟಿತೆಂದು ಹಿಂದೆ ತಿರುಗಿ ಕೂಗಿದರು. ಯಾರೋ ಸಿಳ್ಳೆ ಹೊಡೆದರು. ಆಮೇಲೆ ಮತ್ತೆ ಪರದೆಯ ಕಡೆ ತಿರುಗಿ ಕೂತರು.

ಪರೀಕ್ಷಕರಲ್ಲಿ ಒಬ್ಬರು, ಈ ಮೌನವನ್ನು ಯಾವ ಫ್ರೆಂಚ್ ಚಿತ್ರದಿಂದ ತಂದೆ ಎಂದು ಕೇಳಿದರು. ಹೇಳಲು ಬಹಳ ಇತ್ತು. ಬೀದಿಗೆ ಹೋಗಬೇಕೆಂಬುದನ್ನು ಫ್ರಾನ್ಸಿನವರಿಂದ ಕಲಿತೆ, ಇದು ಇಂಗಳೇಶ್ವರದ್ದು ಎಂದಷ್ಟೇ ಹೇಳಿದೆ. ಅವರು ಬರೆದುಕೊಂಡರು. ಪಾಸಾಗಿದ್ದೇನೆ.

ನೆಗೆಟಿವ್ ಪೆಟ್ಟಿಗೆಯ ಮೇಲೆ ಕಲಾವಿದರ ಹೆಸರು ಬರೆಯಬೇಕು. ಸಾತವ್ವನದನ್ನು ಬರೆಯಲೇ, ಬೇಡವೇ? ಈ ಸಲ ಮೊದಲೇ ಕೇಳುತ್ತಿದ್ದೇನೆ.

ಗುರಲಿಂಗಪ್ಪ

ಇಂಗಳೇಶ್ವರ
೨ ಮೇ ೧೯೭೫

ಚಿ. ಗುರಲಿಂಗನಿಗೆ,

ಕೇಳಿದೆ. "ಬರೀರಿ ಅನ್ರಿ. ಬರೇ ಸಾತವ್ವ ಅಂತ. ಸೋಮನಿಂಗನ ಹೇಂತಿ ಅಂತ ಬ್ಯಾಡ" ಎಂದಳು. ಅವನ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅವಳು ಹೇಳಿ, ಹಾಗೇ ಕಾಳು ಹಸನು ಮಾಡುತ್ತ ಕೂತಳು.

ಪುಣೆಯಲ್ಲಿ ಫ್ರಾನ್ಸಿನ ವಿಷಯ ಕೇಳಿದರಂತೆ ಎಂದೆ. ಫ್ರಾನ್ಸ್ ಅಂದರೆ ಗೋವಾಕ್ಕಿಂತ ಆಚೆಯೋ ಈಚೆಯೋ ಎಂದಳು. ಬಹಳ ಆಚೆ ಎಂದೆ. ತಲೆ ಆಡಿಸಿದಳು.

ಇಲ್ಲಿ ಬಿಸಿಲು ಹೆಚ್ಚಾಗಿದೆ, ಶಾಲೆಗೆ ಸೂಟಿ. ಹೊಸ ಸುದ್ದಿ ಏನಿಲ್ಲ. ಸಾತವ್ವನ ಕೆಂದ ನಾಯಿ ಈಗ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಅದಕ್ಕೆ ರೊಟ್ಟಿ ಸಿಗುವುದು ನಿಂತಿರಬೇಕು. ನಾನೇ ಅರ್ಧ ಮುರಿದು ಹಾಕುತ್ತೇನೆ.

ಅಕ್ಕ ಶಂಕ್ರೆವ್ವ